ಹನ್ನವ್ವನ ಐದನೆಯ ನುಡಿ

ಬಹಳ ಹಿಂದೆ, ನಮ್ಮಜ್ಜನ ಅಜ್ಜ ಇನ್ನೂ ಹುಟ್ಟಿರದ ಕಾಲಕ್ಕೆ, ಮಗ್ಗದ ಸದ್ದಿಗೇ ಬೆಳಗಾಗುವ ಒಂದು ಊರಿತ್ತಂತೆ. ಆ ಊರಿನ ಕ್ರೈಸ್ತರ ಓಣಿಯಲ್ಲಿ ಹನ್ನವ್ವ ಅಂತ ಒಬ್ಬ ನೇಯುವ ಹೆಂಗಸು ಇದ್ದಳಂತೆ. ಆಕೆಗೆ ಒಬ್ಬನೇ ಮಗ, ದಾವೀದ. ಒಂದು ಬೇಸಿಗೆ ಊರಿಗೆ ವಾಂತಿಭೇದಿ ಬಂತು, ದಾವೀದ ಹೋದ.

ಅವನನ್ನು ಮಣ್ಣು ಮಾಡುವಾಗ ಹಾಡಿದ್ದು ಯಾವುದೋ ದೂರದೇಶದ ರಾಗದ ಹಾಡಂತೆ. ಮೊದಲಿನಿಂದ ಕೊನೆತನಕ ಜಯಜಯವೇ. ಅದರಲ್ಲಿ ತನ್ನ ದಾವೀದ ಎಲ್ಲೂ ಇಲ್ಲ ಅನಿಸಿತು ಹನ್ನವ್ವನಿಗೆ. ಮನೆಗೆ ಬಂದವಳೇ ಪಾಟಿ ಬಳಪ ಹಿಡಿದು ಮಗನಿಗೊಂದು ಹಾಡು ಬರೆಯಲು ಕೂತಳು. ವಾರದಲ್ಲಿ ನಾಲ್ಕು ನುಡಿ ಬಂದವು. ತೊಟ್ಟಿಲಿನಿಂದ ಹಿಡಿದು ಕಡೆಯ ಗುಟುಕು ನೀರಿನ ತನಕ ಎಲ್ಲ ಅದರಲ್ಲಿತ್ತಂತೆ.

ಓಣಿಯ ಕ್ರೈಸ್ತ ಸಭೆಯಲ್ಲಿ ಪ್ರಾರ್ಥನೆ ನಡೆಸುತ್ತಿದ್ದ ಉಪದೇಶಿ ಯಾಕೋಬಪ್ಪ ಕೇಳಿ ತಲೆ ಅಲ್ಲಾಡಿಸಿದನಂತೆ. ಇದು ಬರೀ ಗೋಳು, ಕಡೆಗೆ, ಸತ್ತವರು ಎದ್ದು ಬರುವರೆಂಬ ನಿರೀಕ್ಷೆಯ ನುಡಿಯೊಂದು ಬೇಕು, ಅದಿಲ್ಲದೆ ಯಾರ ಮಣ್ಣಿಗೂ ಇದನ್ನು ಹಾಡಿಸುವುದಿಲ್ಲ ಅಂದನಂತೆ. ತಪ್ಪು ಮಾತಲ್ಲ ಬಿಡಿ. ಆದರೆ ಮಗನನ್ನು ಕಳಕೊಂಡ ತಾಯಿಗೆ ಹೇಳುವ ಹೊತ್ತೇ ಅದು?

ಹನ್ನವ್ವ ಐದನೆಯ ನುಡಿಗೆ ಕೂತಳು. ದಿನಾ ನಸುಕಿಗೆ ಮೊಣಕಾಲೂರಿ ಪ್ರಾರ್ಥಿಸುವಳು, ಬರೆಯುವಳು, ಓದಿ ಅಳಿಸುವಳು. ಬರೆದದ್ದೆಲ್ಲ ಸುಳ್ಳು ಅನಿಸುತ್ತಿತ್ತಂತೆ. ಮಗ ಲೋಕದ ಕಡೆಯ ದಿನ ಎದ್ದು ಬರುವನೆಂದು ನಂಬಿದ್ದಳು, ಸಂತೋಷ ಮಾತ್ರ ಬರಲೊಲ್ಲದು. ಹೀಗೆ ಹನ್ನೆರಡು ವರ್ಷ, ಅಂತಾರೆ. ಇಪ್ಪತ್ತು ಅನ್ನುವವರೂ ಇದ್ದಾರೆ. ಪಾಟಿ ಸವೆದು ಹಪ್ಪಳದಷ್ಟು ತೆಳ್ಳಗಾಯಿತಂತೆ. ಎರಡು ಸಲ ಅದನ್ನು ಬಾವಿಗೆ ಎಸೆಯಲು ಹೋಗಿ, ಹಾಗೇ ಹೊತ್ತು ತಂದಳಂತೆ. ನನ್ನ ಕೈಲಾಗದು ಅಂತ ದೇವರೊಂದಿಗೇ ಜಗಳ ಆಡಿದಳಂತೆ. ಮರುದಿನ ಮತ್ತೆ ಅಲ್ಲೇ ಮೊಣಕಾಲೂರಿದಳಂತೆ.

ಆಮೇಲೆ ಯಾಕೋಬಪ್ಪನ ಮಗಳೇ ಹೆರಿಗೆಯಲ್ಲಿ ತೀರಿಕೊಂಡಳು. ತೋಡಿದ ಕುಣಿಯ ಮುಂದೆ ನಿಂತ ಅವನಿಗೆ ಹಾಡು ಎತ್ತಲು ಬಾಯೇ ಬರಲಿಲ್ಲ. ಹನ್ನವ್ವನ ಕಡೆ ತಿರುಗಿ, "ಯವ್ವಾ, ನಿನ್ನ ಹಾಡ ಹಾಡು," ಅಂದ.

"ಅದಿನ್ನಾ ಮುಗಿದಿಲ್ರೀ, ಉಪದೇಶ್ಯಾರ."

"ಇದ್ದಷ್ಟ ಹಾಡವ್ವಾ."

ನಾಲ್ಕು ನುಡಿ ಹಾಡಿದಳು. ಓಣಿಗೆ ಓಣಿಯೇ ಗೊಳೋ ಅಂತ ಅತ್ತಿತು. ಐದನೆಯದರ ಜಾಗಕ್ಕೆ ಬಂದಾಗ ಆಕೆಯ ಬಾಯಿಂದ ಬಂದದ್ದು ಒಂದೇ ಸಾಲಂತೆ: "ಮುಂದಿನದು ನನಗೆ ಬಾರದು, ಯೇಸುವೇ, ನೀನೇ ಹೇಳು." ಜನ ಮುಂದಿನ ನುಡಿಗೆ ಕಾದು ನಿಂತರು. ಯಾಕೋಬಪ್ಪ ಬಗ್ಗಿ ಮೊದಲ ಹಿಡಿ ಮಣ್ಣು ಹಾಕಿದ.

ಆದರೂ ಹನ್ನವ್ವ ಸಾಯುವ ತನಕ ಪಾಟಿ ಬಿಡಲಿಲ್ಲವಂತೆ. ಉಳಿದದ್ದನ್ನು ಚಂದ ಮಾಡಿ ಬರೆದುಕೊಡುತ್ತೇವೆ ಅಂತ ಆಮೇಲೆ ಎಷ್ಟೋ ಪಾದ್ರಿಗಳು ಬಂದರು. ಓಣಿಯವರು ಅವರಿಗೆ ಚಹಾ ಕೊಟ್ಟು ಕಳಿಸಿದರು, ಹಾಡನ್ನು ಮಾತ್ರ ಮುಟ್ಟಗೊಡಲಿಲ್ಲ. ಇವತ್ತಿಗೂ ಅಲ್ಲಿ ಯಾರೇ ಸತ್ತರೂ ನಾಲ್ಕು ನುಡಿ ಹಾಡಿ, ಆ ಒಂದು ಸಾಲು ಹೇಳುತ್ತಾರೆ. ಆಮೇಲೆ ಒಂದು ನುಡಿ ಹಾಡುವಷ್ಟು ಹೊತ್ತು ಎಲ್ಲರೂ ಸುಮ್ಮನೆ ನಿಂತು, ಹೇಳಬೇಕಾದವನು ಹೇಳಲಿ ಅಂತ ಕಾಯುತ್ತಾರೆ.