ಕೊಕ್ಕು ತೆರೆದ ಕೋಳಿಗಳು

ಕುರುಚಲು ಕಾಡು ಮುಗಿದು ಬಯಲು ಶುರುವಾಗುವ ಕಡೆ, ಒಂದು ಸಣ್ಣ ಕೆರೆಯ ಪಕ್ಕದಲ್ಲಿ, ಕರಡಿ ಭರಮಣ್ಣನ ಕೋಳಿಮನೆ ಇತ್ತು. ಕೋಳಿಮನೆ ಎಂದರೆ ಪುಟ್ಟ ಗೂಡಲ್ಲ ಮಕ್ಕಳೇ, ಉದ್ದನೆಯ ಶೆಡ್ಡು. ಮೇಲೆ ತಗಡಿನ ಸೂರು. ಎರಡೂ ಪಕ್ಕಕ್ಕೆ ಕಬ್ಬಿಣದ ಜಾಲರಿ. ಜಾಲರಿಯ ಮೇಲ್ಗಡೆ, ಹಗ್ಗ ಬಿಟ್ಟರೆ ಕೆಳಗಿಳಿಯುವಂತೆ ಸುತ್ತಿ ಕಟ್ಟಿದ ಗೋಣಿತಾಟಿನ ಪರದೆ. ಒಳಗೆ ನೆಲದ ತುಂಬ ಭತ್ತದ ಹೊಟ್ಟು ಹರಡಿ, ಅದರ ಮೇಲೆ ಸಾವಿರಾರು ಬಿಳಿ ಕೋಳಿಗಳು.

ಕಾಡಿಗೆಲ್ಲ ಮೊಟ್ಟೆ ಹೋಗುತ್ತಿದ್ದುದು ಅಲ್ಲಿಂದಲೇ. ಉಡ, ಮುಂಗುಸಿ, ಕೇರೆಹಾವು ಎಲ್ಲರೂ ಕದಿಯುವ ಚಾಳಿ ಬಿಟ್ಟು, ಬಾಗಿಲಲ್ಲಿ ಸಾಲಾಗಿ ನಿಂತು ಕೇಳಿ ಪಡೆಯುವುದನ್ನು ಕಲಿತಿದ್ದರು. ಭರಮಣ್ಣ ಕಲಿಸಿದ್ದ. ಅವನ ಎದುರು ಯಾರೂ ಸಾಲು ಮುರಿಯುತ್ತಿರಲಿಲ್ಲ.

ಕೋಳಿಗಳನ್ನು ಕಾಯುವವನು ಹಂಡ ಎಂಬ ನಾಯಿ. ಮೈಮೇಲೆ ಕಪ್ಪು ಬಿಳುಪಿನ ಪಟ್ಟೆಗಳಿದ್ದುದರಿಂದ ಆ ಹೆಸರು. ಹಂಡ ಸೋಮಾರಿಯಲ್ಲ, ಕಳ್ಳನಲ್ಲ, ಕೋಳಿಗಳೆಂದರೆ ಜೀವ ಬಿಡುತ್ತಿದ್ದ. ಅದರಲ್ಲೂ ಜೀರಿಗೆ ಎಂಬ ಕುಂಟು ಕೋಳಿಯೆಂದರೆ ಅವನಿಗೆ ಬಲು ಅಕ್ಕರೆ. ಮರಿಯಾಗಿದ್ದಾಗ ಜೀರಿಗೆ ಕಾಳಿನಷ್ಟೇ ಇದ್ದಳೆಂದು ಅವನೇ ಇಟ್ಟ ಹೆಸರದು. ಅವಳು ದಿನವೂ ಬಾಗಿಲ ಬಳಿ ಅವನ ಹೊಟ್ಟೆಗೆ ಒರಗಿ ನಿದ್ದೆ ಮಾಡುತ್ತಿದ್ದಳು.

ಹಂಡನಿಗೆ ಇದ್ದುದು ಒಂದೇ ದೋಷ. ನಾಲ್ಕು ಜನರನ್ನು ಕೇಳದೆ ಅವನು ಬಾಲವನ್ನೂ ಆಡಿಸುತ್ತಿರಲಿಲ್ಲ.

ಯುಗಾದಿ ಕಳೆದು ಬಿಸಿಲು ಬಲಿತಿತ್ತು. ಒಂದು ಬೆಳಿಗ್ಗೆ ಭರಮಣ್ಣ ಹೆಗಲಿಗೆ ಗಡಿಗೆ ಏರಿಸಿಕೊಂಡ. "ಹಂಡಾ, ಬೆಟ್ಟಕ್ಕೆ ಹೋಗಿ ಜೇನು ಬಿಡಿಸಿಕೊಂಡು ಬರ್ತೀನಿ. ಬರೋದು ಸಂಜೆ ಆಗುತ್ತೆ. ಇವತ್ತು ಕಾವು ಹೆಚ್ಚಿದೆ, ಕೋಳಿಗಳ ಕಡೆ ಜೋಪಾನ."

"ನನ್ನ ಜೀವ ಕೊಟ್ಟಾದ್ರೂ ಕಾಯ್ತೀನಿ ಭರಮಣ್ಣ!"

"ಜೀವ ಬೇಡಪ್ಪ. ಕಣ್ಣು ಕೊಡು, ಸಾಕು," ಎಂದು ಹೇಳಿ ಕರಡಿ ಹೊರಟುಹೋಯಿತು.

ಹೊತ್ತು ಏರಿತು. ತಗಡು ಕಾದು ಟಕ್ ಟಕ್ ಎನ್ನತೊಡಗಿತು. ಕೋಳಿಗಳಲ್ಲೆಲ್ಲ ಹಿರಿಯಳಾದ ನಂಜವ್ವ ಜಾಲರಿಯ ಹತ್ತಿರ ಬಂದು ಕರೆದಳು.

"ಹಂಡಣ್ಣಾ, ಒಂದು ಮಾತು. ಈ ನೀರು..."

"ತುಂಬಿಸಿದ್ದೀನಿ ಕಣವ್ವಾ. ನೋಡು, ಬಟ್ಟಲು ತುಂಬಾ ಇದೆ."

"ಇದೆಯಪ್ಪ, ಇಲ್ಲ ಅಂದೋರು ಯಾರು? ಆದ್ರೆ ಅದು..."

"ಸ್ವಲ್ಪ ಸುಮ್ನಿರವ್ವಾ! ಸೆಕೆಗೆ ಏನು ಮಾಡಬೇಕು ಅಂತ ನಾಲ್ಕು ಜನಾನ ವಿಚಾರಿಸೋಕೇ ಹೊರಟಿದ್ದೀನಿ. ನಿಮಗೋಸ್ಕರಾನೇ ತಾನೇ ನಾನು ಒದ್ದಾಡ್ತಿರೋದು?"

ನಂಜವ್ವ ಅವನ ಮುಖ ನೋಡಿದಳು. ಇನ್ನೂ ಏನೋ ಹೇಳುವವಳಿದ್ದಳು. ಆದರೆ ಹಂಡ ಆಗಲೇ ಕೆರೆಯ ದಾರಿ ಹಿಡಿದಿದ್ದ.

ಅವನು ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ, ಕೇಳಲು ಯಾರೂ ಕಾಣದೆ ವಾಪಸು ಬರುವಷ್ಟರಲ್ಲಿ ಕೋಳಿಮನೆಯ ಚಹರೆಯೇ ಬದಲಾಗಿತ್ತು. ಕೋಳಿಗಳೆಲ್ಲ ಕೊಕ್ಕು ತೆರೆದುಕೊಂಡು ನಿಂತಿದ್ದವು. ಒಂದೆರಡಲ್ಲ, ಈ ತುದಿಯಿಂದ ಆ ತುದಿಯವರೆಗೆ. ಕತ್ತು ಪಟಪಟ ಬಡಿದುಕೊಳ್ಳುತ್ತಿತ್ತು. ಯಾವುದೂ ಮಾತಾಡುತ್ತಿರಲಿಲ್ಲ.

"ಏನಾಯ್ತು? ಯಾಕೆ ಬಾಯಿ ಬಿಟ್ಕೊಂಡಿದ್ದೀರಿ?" ಎಂದ ಹಂಡ. ಅವನಿಗೆ ಗಾಬರಿಯಾಯಿತು. ಬೇಲಿಯ ಮೇಲೆ ಕಾಗೆ ಸುಬ್ಬಕ್ಕ ಕೂತಿದ್ದಳು.

"ಸುಬ್ಬಕ್ಕಾ, ನೀನೂ ರೆಕ್ಕೆಯವಳು. ಕೊಕ್ಕು ತೆರೆದರೆ ಏನರ್ಥ?"

ಸುಬ್ಬಕ್ಕ ಕತ್ತು ಓರೆ ಮಾಡಿ ನಕ್ಕಳು. "ಇದೂ ಒಂದು ಪ್ರಶ್ನೆಯೇ? ಎಷ್ಟು ಮರಿ ಸಾಕಿದ್ದೀನಿ ನಾನು! ಕೊಕ್ಕು ತೆರೆದರೆ ಹಸಿವು ಕಣೋ, ಹಸಿವು. ಬೇಗ ಏನಾದ್ರೂ ಹಾಕು. ಹೊಟ್ಟೆಗಿಲ್ಲದೆ ಸೊರಗಿದಾವೆ, ಪಾಪ!"

ಹಂಡ ಓಡಿಹೋಗಿ ತೊಟ್ಟಿಗಳ ತುಂಬ ಜೋಳದ ನುಚ್ಚು ಸುರಿದ. ಕೋಳಿಗಳು ಮೂಸಿಯೂ ನೋಡಲಿಲ್ಲ. ಬಾಯಿ ಮಾತ್ರ ಹಾಗೇ ತೆರೆದಿತ್ತು.

ಹಂಡನಿಗೆ ದಿಕ್ಕು ತೋಚಲಿಲ್ಲ. ಹಸಿದ ಬಾಯಿ, ಎದುರಿಗೆ ಊಟ, ಆದರೂ ತಿನ್ನುವುದಿಲ್ಲ! ಇದೆಂಥ ಹಸಿವು?

"ಒಣ ನುಚ್ಚು ಯಾರಿಗೆ ಬೇಕು? ಬೆಲ್ಲ ಕಲಸಿ ಹಾಕು," ಎಂದು ಬೇಲಿಯಿಂದ ಕೂಗು ಬಂತು.

ಹಂಡ ಬೆಲ್ಲ ಕಲಸಿದ. ಮೊದಲು ಜೀರಿಗೆಯ ಮುಂದೆ ಹಿಡಿದ. "ತಿನ್ನು ಪುಟ್ಟಿ, ನನಗೋಸ್ಕರ ತಿನ್ನು." ಜೀರಿಗೆಗೆ ತಿನ್ನುವ ಮನಸ್ಸಿರಲಿಲ್ಲ. ಆದರೆ ಕೊಡುತ್ತಿರುವವನು ಹಂಡಣ್ಣನಲ್ಲವೇ? ಕಣ್ಣು ಮುಚ್ಚಿಕೊಂಡು ನುಂಗಿದಳು. ಅವಳನ್ನು ನೋಡಿ ಅಕ್ಕಪಕ್ಕದವೂ ನುಂಗಿದವು.

ಮಕ್ಕಳೇ, ಹೊಟ್ಟೆಗೆ ಬಿದ್ದ ಕಾಳು ಅರಗುವಾಗ ಮೈ ಇನ್ನಷ್ಟು ಕಾಯುತ್ತದೆ. ಸುಡುವ ಮಧ್ಯಾಹ್ನ ಕೋಳಿಗೆ ತಿನ್ನಿಸುವುದು ಉರಿಯುವ ಒಲೆಗೆ ಸೌದೆ ತುರುಕಿದ ಹಾಗೆ. ಇದನ್ನು ಹಂಡ ತಿಳಿದಿರಲಿಲ್ಲ. ಸುಬ್ಬಕ್ಕನೂ ತಿಳಿದಿರಲಿಲ್ಲ. ಆದರೆ ತಿಳಿಯದು ಎಂದು ಹೇಳುವ ಅಭ್ಯಾಸ ಸುಬ್ಬಕ್ಕನಿಗೆ ಇರಲಿಲ್ಲ.

ತುಸು ಹೊತ್ತಿಗೆ ತಿಂದ ಕೋಳಿಗಳು ರೆಕ್ಕೆಗಳನ್ನು ಮೈಯಿಂದ ದೂರ ಚಾಚಿ ನಿಂತವು. ಹಂಡನ ಗೊಂದಲ ಇಮ್ಮಡಿಯಾಯಿತು.

"ಹೊಟ್ಟೆ ತುಂಬಿತಲ್ಲ, ಇನ್ನು ಹಾರಿ ಹೋಗೋ ಯೋಚನೆ!" ಎಂದಳು ಸುಬ್ಬಕ್ಕ.

"ಅದೆಲ್ಲ ಏನೂ ಅಲ್ಲ," ಎಂದು ಬೇಲಿಯ ಬುಡದಿಂದ ಒಂದು ದನಿ ಬಂತು. ಅಲ್ಲಿ ಆಮೆ ಚೆನ್ನಪ್ಪಜ್ಜ ಚಿಪ್ಪಿನೊಳಗೇ ಇದ್ದುಕೊಂಡು ಮಾತಾಡುತ್ತಿದ್ದ. "ಬಿಸಿಗಾಳಿ ಕಣಪ್ಪ, ಬಿಸಿಗಾಳಿ. ಅದು ಮೈಗೆ ತಗುಲಬಾರದು. ನನ್ನನ್ನೇ ನೋಡು. ಬಿಸಿಲು ಬಂದರೆ ತಲೆ ಒಳಗೆ, ಕಾಲು ಒಳಗೆ. ಇಷ್ಟು ಕಾಲ ಬದುಕಿಲ್ವೇ? ಪರದೆ ಇಳಿಸು."

ಹಿರಿಯರ ಮಾತು. ಹಂಡ ಹಗ್ಗ ಬಿಚ್ಚಿದ. ಎರಡೂ ಕಡೆಯ ಗೋಣಿಪರದೆಗಳು ನೆಲದವರೆಗೆ ಇಳಿದವು. ಪರದೆ ಪೂರ್ತಿ ಇಳಿಯುವ ಮುಂಚೆ ನಂಜವ್ವ ಜಾಲರಿಗೆ ಕೊಕ್ಕು ಒತ್ತಿ ಅವನನ್ನೇ ನೋಡುತ್ತಿದ್ದಳು. ಅವಳು ರೆಕ್ಕೆಯಿಂದ ಜಾಲರಿಗೆ ಬಡಿದಳು. 'ಅವಸರ ಮಾಡ್ತಿದ್ದಾಳೆ, ಬೇಗ ಇಳಿಸು ಅಂತಿದ್ದಾಳೆ' ಎಂದುಕೊಂಡ ಹಂಡ.

ಆ ಹೊತ್ತಿಗೆ ಕೆರೆಯಿಂದ ಎಮ್ಮೆ ಗಂಗವ್ವ ಮೈತುಂಬ ಕೆಸರು ಬಳಿದುಕೊಂಡು ಎದ್ದು ಬಂದಳು.

"ಏನೋ ಹಂಡ, ಮುಖ ಯಾಕೋ ಹಾಗೆ ಬಾಡಿಸ್ಕೊಂಡಿದ್ದೀ?"

"ಗಂಗವ್ವಾ, ತಲೆ ಕೆಟ್ಟುಹೋಗಿದೆ. ಒಬ್ಬರು ಹಸಿವು ಅಂತಾರೆ, ಒಬ್ಬರು ಗಾಳಿ ಅಂತಾರೆ..."

"ಅಯ್ಯೋ ಹುಚ್ಚಪ್ಪ! ಸೆಕೆಗೆ ಮದ್ದು ಒಂದೇ. ನೀರು! ನೆಲ ಕೆಸರಾಗೋ ಹಾಗೆ ಸುರಿ. ಕೆಸರಲ್ಲಿ ಬಿದ್ಕೊಂಡರೆ ಸ್ವರ್ಗ ಕಾಣುತ್ತೆ, ನನ್ನ ಮಾತು ಕೇಳು."

ಸುರಿದದ್ದೂ ಆಯಿತು. ಕೊಳವೆ ಬಿಟ್ಟು, ಮುಚ್ಚಿದ ಮನೆಯೊಳಗೆ, ಭತ್ತದ ಹೊಟ್ಟೆಲ್ಲ ತೊಯ್ದು ತೊಪ್ಪೆಯಾಗುವವರೆಗೆ ಹಂಡ ನೀರು ಚೆಲ್ಲಿದ. ಮೇಲೆ ಕಾದ ತಗಡು, ಕೆಳಗೆ ಒದ್ದೆ ಹೊಟ್ಟು, ಸುತ್ತ ಪರದೆ. ಒಳಗೆ ಹಬೆ ಏಳತೊಡಗಿತು. ಕೋಳಿಮನೆ ಇಡ್ಲಿ ಪಾತ್ರೆಯಾಯಿತು.

ಕೋಳಿಗಳು ಈಗ ನಿಂತಿರಲಿಲ್ಲ. ಒಂದೊಂದಾಗಿ ಕುಸಿದು ಕೂರುತ್ತಿದ್ದವು.

"ಈಗ ಏನು ಮಾಡಲಿ? ಈಗ ಏನು ಮಾಡಲಿ?" ಹಂಡ ಹೊರಗೆ ಓಡಿದ, ಒಳಗೆ ಓಡಿದ.

"ಇನ್ನೂ ಬೆಲ್ಲ!" ಎಂದಿತು ಕಾಗೆ.

"ಸಂದಿ ಬಿಡಬೇಡ, ಮುಚ್ಚು!" ಎಂದಿತು ಆಮೆ.

"ಇನ್ನೂ ನೀರು!" ಎಂದಿತು ಎಮ್ಮೆ.

ಅಷ್ಟರಲ್ಲಿ ಬಾಗಿಲ ಬಳಿ ಜೀರಿಗೆ ಅಡ್ಡಬಿದ್ದಳು. ಕುಂಟುಕಾಲು ಒಂದು ಸಲ ಸೆಳೆಯಿತು. ಹಂಡ ಅವಳ ಪಕ್ಕ ಮಂಡಿಯೂರಿ ಮೂಗಿನಿಂದ ನೂಕಿದ. "ಪುಟ್ಟೀ! ಏಳೇ! ಏನು ಬೇಕು ಹೇಳೇ!" ಜೀರಿಗೆಯ ಕೊಕ್ಕು ತೆರೆದೇ ಇತ್ತು.

ಆ ಹಬೆಯಲ್ಲಿ ಹಂಡನಿಗೂ ಉಸಿರು ಸಿಕ್ಕಿಕೊಂಡಿತು. ನಾಲಿಗೆ ಗೇಣುದ್ದ ಹೊರಗೆ ಚಾಚಿ ಏದಿದ. ಏದಿದಷ್ಟೂ ಕಾವು ಹೆಚ್ಚಾಯಿತೇ ಹೊರತು ತಣಿಯಲಿಲ್ಲ. ಕಣ್ಣು ಕತ್ತಲಿಟ್ಟಿತು. ತಡವರಿಸುತ್ತ ಹೋಗಿ ಪರದೆಯ ಸಂದಿಯಿಂದ ಮೂತಿ ಹೊರಗೆ ಹಾಕಿದ.

ಹೊರಗೆ ಗಾಳಿ ಬೀಸುತ್ತಿತ್ತು. ಬಿಸಿಗಾಳಿಯೇ. ಆದರೂ ಒದ್ದೆ ನಾಲಿಗೆಗೆ ಸೋಕಿದ ಕೂಡಲೇ ಹಾಯೆನಿಸಿತು. ನಾಲಿಗೆ ತಂಪಾಯಿತು, ಗಂಟಲು ತಂಪಾಯಿತು, ತಲೆ ತಿಳಿಯಾಯಿತು.

ಹಂಡ ಹಾಗೇ ನಿಂತುಬಿಟ್ಟ.

'ನನ್ನ ಬಾಯಿಯೂ ತೆರೆದಿದೆಯಲ್ಲ! ನನಗೇನು ಹಸಿವೇ?'

ನಾಯಿಯ ಮೈ ಬೆವರಿ ತಣಿಯುವುದಿಲ್ಲ. ಕೋಳಿಯದೂ ಅಷ್ಟೇ. ಇಬ್ಬರೂ ಬಾಯಿ ತೆರೆದು ಏದುತ್ತಲೇ ಕಾವು ಕಳೆದುಕೊಳ್ಳಬೇಕು. ಅದಕ್ಕೆ ಗಾಳಿ ಆಡಬೇಕು. ಬೇಸಿಗೆಯಿಡೀ ತಾನು ಮಾಡುತ್ತಿದ್ದ ಕೆಲಸವನ್ನೇ ಕೋಳಿಗಳೂ ಕಣ್ಣೆದುರು ಮಾಡುತ್ತಿದ್ದವು. ಅದರ ಅರ್ಥವನ್ನು ಅವನು ಕಾಗೆಯನ್ನು ಕೇಳಲು ಹೋಗಿದ್ದ!

ಹಂಡ ಹಗ್ಗ ಕಚ್ಚಿ ಎಳೆದ. ಒಂದು ಪಕ್ಕದ ಪರದೆ ಎದ್ದಿತು.

"ಏಯ್, ಬಿಸಿಗಾಳಿ ನುಗ್ಗುತ್ತೆ ಕಣೋ!" ಎಂದು ಚೆನ್ನಪ್ಪಜ್ಜ ಕಿರುಚಿದ.

"ನುಗ್ಗಲಿ ಅಜ್ಜಾ!" ಎಂದ ಹಂಡ. ಇನ್ನೊಂದು ಪಕ್ಕದ್ದನ್ನೂ ಎಳೆದ. ಗಾಳಿ ಆ ಕಡೆಯಿಂದ ಬಂದು ಈ ಕಡೆಗೆ ಹಾಯಿತು. ಹಬೆ ಚದುರಿತು. ತೊಟ್ಟಿಗಳನ್ನೆಲ್ಲ ಹೊರಗೆ ದಬ್ಬಿದ. ಇನ್ನು ನೀರು ಕುಡಿಸಬೇಕು. ಬಟ್ಟಲಲ್ಲಿ ನೀರಿತ್ತು, ತುಂಬಿದ್ದು ತುಂಬಿದ ಹಾಗೇ ಇತ್ತು. ಯಾಕೆ ಯಾರೂ ಕುಡಿದಿಲ್ಲ? ಹಂಡ ಮೊದಲ ಸಲ ಆ ನೀರಿಗೆ ತಾನೇ ನಾಲಿಗೆ ಹಾಕಿದ.

ನಾಲಿಗೆ ಚುರ್ ಎಂದಿತು. ಬಿಸಿಲಿಗೆ ಮೈಯೊಡ್ಡಿ ಕೂತ ಕರಿಯ ಡ್ರಮ್ಮಿನಿಂದ ಬಂದ ನೀರು, ಸ್ನಾನದ ನೀರಿನ ಹಾಗೆ ಕಾದಿತ್ತು.

'ಹಂಡಣ್ಣಾ, ಈ ನೀರು...'

ಬೆಳಿಗ್ಗೆ ನಂಜವ್ವ ಹೇಳಹೊರಟಿದ್ದ ಮಾತು ಈಗ ಅವನಿಗೆ ಪೂರ್ತಿ ಕೇಳಿಸಿತು.

"ಗಂಗವ್ವಾ, ಕೆಸರು ಸಾಕು! ಹೊಂಗೆ ಮರದ ಕೆಳಗಿನ ಬಾನಿಯಲ್ಲಿ ತಣ್ಣೀರಿದೆ, ಎಳ್ಕೊಂಡು ಬಾ! ಆಮೇಲೆ ಕೊಳವೆ ತಗೊಂಡು ಸೂರಿನ ಮೇಲೆ ನೀರು ಹಾಯಿಸು, ಒಳಗಲ್ಲ!"

"ಈಗ ನೀನು ನನಗೆ ಹೇಳೋ ಹಾಗಾದ್ಯಾ?" ಎಂದು ಗೊಣಗುತ್ತಲೇ ಗಂಗವ್ವ ಓಡಿದಳು. ಅವಳ ಮನಸ್ಸು ಒಳ್ಳೆಯದೇ. ಸಲಹೆ ಕೊಟ್ಟವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ಹಂಡ ತಣ್ಣೀರಿನಲ್ಲಿ ಬಾಲ ಅದ್ದಿ ಜೀರಿಗೆಯ ಕೊಕ್ಕಿನ ಮೇಲೆ ಹನಿಸಿದ. ಒಂದು ಹನಿ. ಮತ್ತೊಂದು ಹನಿ. ಬಹಳ ಹೊತ್ತಿನ ಮೇಲೆ ಅವಳ ಗಂಟಲು ಗುಳುಕ್ ಎಂದಿತು. ಕಣ್ಣು ತೆರೆದಳು. "ಹಂಡಣ್ಣಾ, ಇನ್ನು ಬೆಲ್ಲ ಬೇಡ," ಎಂದಳು.

ಹಂಡ ಅಳುತ್ತ ನಕ್ಕ. ಸುತ್ತಲೂ ಕುಸಿದಿದ್ದ ಕೋಳಿಗಳು ಒಂದೊಂದೇ ಎದ್ದು ನಿಂತು ಬಾನಿಯ ಕಡೆ ನಡೆದವು. ಎದ್ದವರನ್ನು ನೋಡುತ್ತ ನೋಡುತ್ತ ಅವನು ಜಾಲರಿಯ ಹತ್ತಿರ ಬಂದ.

ನಂಜವ್ವ ಏಳಲಿಲ್ಲ.

ಬೆಳಿಗ್ಗೆ ಯಾವ ಜಾಗದಲ್ಲಿ ನಿಂತು ಅವನನ್ನು ಕರೆದಿದ್ದಳೋ ಅಲ್ಲೇ ಬಿದ್ದಿದ್ದಳು. ಕೊಕ್ಕು ತೆರೆದಿತ್ತು, ಮಾತಿನ ನಡುವೆ ಯಾರೋ ತಡೆದ ಹಾಗೆ.

ಸಂಜೆ ಭರಮಣ್ಣ ಬಂದ. ನೆಲದ ಹೊಟ್ಟು ನೋಡಿದ, ಹೊರಗೆ ಬಿದ್ದ ತೊಟ್ಟಿಗಳನ್ನು ನೋಡಿದ, ನಂಜವ್ವನನ್ನು ನೋಡಿದ. ಜೇನಿನ ಗಡಿಗೆಯನ್ನು ಮೆಲ್ಲಗೆ ಕೆಳಗಿಟ್ಟ.

"ಭರಮಣ್ಣ, ನಾನು ಒಂದು ಗಳಿಗೆಯೂ ಸುಮ್ನೆ ಕೂರಲಿಲ್ಲ," ಎಂದ ಹಂಡ. "ಎಲ್ಲರನ್ನೂ ಕೇಳಿದೆ."

"ಯಾರ್ಯಾರನ್ನ?"

"ಸುಬ್ಬಕ್ಕನ್ನ, ಚೆನ್ನಪ್ಪಜ್ಜನ್ನ, ಗಂಗವ್ವನ್ನ..."

"ನಂಜವ್ವನ್ನ?"

ಹಂಡ ತಲೆ ತಗ್ಗಿಸಿದ. ಭರಮಣ್ಣ ಬಯ್ಯಲಿಲ್ಲ. ಹೊಂಗೆ ಮರದ ನೆರಳಲ್ಲಿ, ನೆಲ ತಣ್ಣಗಿರುವ ಕಡೆ, ಗುಂಡಿ ತೋಡಲು ಹೋದ. ಹಂಡನೂ ಹಿಂದೆ ಹೋಗಿ ಅವನ ಜೊತೆ ಮಣ್ಣು ಕೆರೆದ.

ಮರುವರ್ಷವೂ ಬೇಸಿಗೆ ಬಂತು. ಅಷ್ಟು ಹೊತ್ತಿಗೆ ನೀರಿನ ಡ್ರಮ್ಮು ಹೊಂಗೆ ನೆರಳಿಗೆ ಬಂದಿತ್ತು, ತಗಡಿನ ಮೇಲೆ ಹುಲ್ಲು ಹೊದಿಸಿತ್ತು, ನುಚ್ಚು ಹಾಕುವುದು ಬೆಳಗಿನ ತಂಪಿಗೆ ಮತ್ತು ಸಂಜೆಗೆ ಮಾತ್ರ ಎಂದಾಗಿತ್ತು. ಒಂದು ಸುಡುವ ಮಧ್ಯಾಹ್ನ ಸುಬ್ಬಕ್ಕ ಬೇಲಿಯ ಮೇಲೆ ಬಂದು ಕೂತಳು.

"ಹಂಡಣ್ಣಾ, ಇವತ್ತು ಭಾರಿ ಬಿಸಿಲು. ಕೋಳಿಗಳಿಗೆ ಏನು ಮಾಡಬೇಕು ಅಂತ ನಾನು ಹೇಳಲೇ?"

"ಹೇಳುವಿಯಂತೆ, ಇರು ಸುಬ್ಬಕ್ಕ," ಎಂದ ಹಂಡ. "ಮೊದಲು ಅವರನ್ನ ಕೇಳ್ತೀನಿ."

ಅವನು ಜಾಲರಿಯ ಪಕ್ಕ, ನಂಜವ್ವ ನಿಲ್ಲುತ್ತಿದ್ದ ಜಾಗದ ಎದುರಿಗೆ, ಹೊಟ್ಟೆ ನೆಲಕ್ಕೆ ತಾಗಿಸಿ ಮಲಗಿದ. ಈಗ ಅವನ ಕಣ್ಣು ಕೋಳಿಗಳ ಕಣ್ಣಿನ ಮಟ್ಟಕ್ಕೆ ಬಂತು. ಒಳಗಿನಿಂದ ಜೀರಿಗೆ ಕುಂಟುತ್ತ ಬಂದು ಎದುರು ನಿಂತಳು.

"ಹೇಳು ಪುಟ್ಟಿ," ಎಂದು ಹಂಡ ಬಾಯಿ ಮುಚ್ಚಿಕೊಂಡ.

ನೀತಿ: ಕಷ್ಟ ಯಾರದೋ ಮೊದಲು ಅವರನ್ನೇ ಕೇಳು, ಅವರಿಗೆ ಮಾತಾಡಲಾಗದಿದ್ದರೆ ಕಣ್ಣಿಟ್ಟು ನೋಡು, ನೆರೆಹೊರೆಯ ಸಲಹೆ ಅದಾದ ಮೇಲಿನದು.