ಹಡಗಿನ ದಾರಿಯಲ್ಲಿ ಮುದಿ ಪಾತಿದೋಣಿ

ಕಡಲನ್ನೂ ದಡವನ್ನೂ ಕಾಯುವ ಕರುಣಾಳು ದೇವರಿಗೆ ಕೈಮುಗಿದು ಹೇಳುತ್ತೇನೆ.

ಮುದಿ ಪಾತಿದೋಣಿಯೂ ಎಳೆಯ ಕಯಾಕ್ ದೋಣಿಯೂ ಹಡಗುಗಳ ದಾರಿ ದಾಟಿ ನಡುಗಡ್ಡೆಗೆ ಹೊರಟಿದ್ದವು. ದೂರದಲ್ಲಿ ಹಡಗೊಂದು ಕಂಡಿತು.

“ಅದರ ಮುಂದೆಯೇ ದಾಟಿಬಿಡೋಣ,” ಎಂದಿತು ಪಾತಿ. “ಹಾಯಿ ಹಡಗಿನ ಕಾಲದಲ್ಲಿ ಹಡಗು ನಡೆಸುವ ತಂಡೇಲರು ನನ್ನನ್ನು ಹೆಸರು ಹಿಡಿದು ಕರೆದು ದಾರಿ ಬಿಡುತ್ತಿದ್ದರು. ಎಂಥ ಜನ ಅವರು.”

“ಇರಬಹುದು ಅಜ್ಜಿ. ಆದರೆ ಇದರ ಎರಡೂ ಪಕ್ಕ ಒಟ್ಟಿಗೇ ಕಾಣುತ್ತಿವೆ. ಅಂದರೆ ನೇರ ನಮ್ಮತ್ತಲೇ ಬರುತ್ತಿದೆ. ಅಷ್ಟೆತ್ತರದಲ್ಲಿರುವವರಿಗೆ ನಾವು ಕಾಣುವುದಿಲ್ಲ. ಹಿಂದೆ ಸರಿಯೋಣ, ಅದು ಹೋದಮೇಲೆ ದಾಟೋಣ.”

ಪಾತಿ ಮನಸ್ಸಿಲ್ಲದೆ ಸರಿಯಿತು. ಅದು ಮೊದಲು ನಿಂತಿದ್ದ ಜಾಗದ ನೀರನ್ನೇ ಸೀಳಿಕೊಂಡು ಹಡಗು ಹೋಯಿತು; ಮೇಲಿನಿಂದ ಯಾರೂ ಬಗ್ಗಿ ನೋಡಲಿಲ್ಲ.

“ಆ ತಂಡೇಲರು ಈಗಿಲ್ಲ,” ಎಂದಿತು ಪಾತಿ ಮೆಲ್ಲಗೆ. “ನೀನು ಮುಂದೆ ನಡಿ ಮಗಾ, ನಾನು ಹಿಂದೆ ಬರುತ್ತೇನೆ.”

ಕೇಳಿದ ನಿಮ್ಮೆಲ್ಲರನ್ನೂ ಸ್ವಾಮಿ ಸುಖವಾಗಿ ದಡ ಸೇರಿಸಲಿ.