ಕರಗದ ಮುತ್ತು

“ಈ ಭುಜಂಗನಾಥನ ಕೈಯಲ್ಲಿ ಕರಗದ ವಸ್ತು ಭೂಮಿಯ ಮೇಲೆ ಹುಟ್ಟಿಲ್ಲ, ಪ್ರಭು! ಒಂದು ಮುತ್ತು ಕೊಡಿ, ಸಕ್ಕರೆಯಂತೆ ನೀರಿನಲ್ಲಿ ಕರಗಿಸಿ ಕುಡಿಸುತ್ತೇನೆ. ಕುಡಿದವರಿಗೆ ಮುಪ್ಪಿಲ್ಲ!”

ಪರವೂರಿನಿಂದ ಬಂದ ವೈದ್ಯ ಹೀಗೆ ಎದೆ ತಟ್ಟಿಕೊಂಡ ದಿನದಿಂದ ಹಾಲುಗೆರೆಯ ದೊರೆ ಸೋಮಭೂಪಾಲ ಬೆಳಗಾದರೆ ಒಂದು ಬಟ್ಟಲು ಬೆಳ್ಳನೆಯ ಮುತ್ತಿನ ನೀರು ಕುಡಿಯತೊಡಗಿದ. ಮುತ್ತು ಹೋಗುತ್ತಿದ್ದದ್ದು ರಾಣಿ ಮಲ್ಲಾಜಮ್ಮಣ್ಣಿಯ ತವರಿನ ಹಾರದಿಂದ. ಎದೆ ತುಂಬುತ್ತಿದ್ದ ಹಾರ ಮುಂಗೈಗೆ ಸುತ್ತುವಷ್ಟಾದಾಗ ರಾಣಿ ಆಸ್ಥಾನದ ವಿದೂಷಕ ಕೇತಯ್ಯನನ್ನು ಕರೆಸಿದಳು.

“ಕೇತಯ್ಯ, ದೊರೆಗಳಿಗೆ ಮುಪ್ಪು ಬಂದರೆ ಬರಲಿ. ನಮ್ಮ ಅವ್ವ ಕೊಟ್ಟ ಹಾರ ಹೋಗ್ತಿದೆಯಲ್ಲಪ್ಪಾ!”

ಮರುದಿನ ಕೇತಯ್ಯ ಹೋಗಿ ನೋಡಿದ. ಬಟ್ಟಲು ದೊರೆಯ ತುಟಿ ಮುಟ್ಟುವವರೆಗೂ ವೈದ್ಯ ಬೆಳ್ಳಿ ಚಮಚದಿಂದ ಟಿಣ್ ಟಿಣ್ ಎಂದು ಕಲಕುತ್ತಲೇ ಇದ್ದ.

“ಕರಗಿದ ಮೇಲೂ ಯಾಕೆ ಕಲಕುತ್ತೀರಿ, ವೈದ್ಯರೇ?”

“ನಿಲ್ಲಿಸಿದರೆ ಔಷಧದ ಗುಣ ಹಾರಿಹೋಗುತ್ತದೆ. ಇದೆಲ್ಲ ನಗಿಸುವವರಿಗೆ ತಿಳಿಯುವ ಮಾತಲ್ಲ.”

ಕೇತಯ್ಯ ತಲೆ ಕೆರೆದುಕೊಂಡ. ಅವನ ಹೆಂಡತಿ ಸಾರಿಗೆ ಉಪ್ಪು ಹಾಕಿ ಎರಡು ಸಲ ಸೌಟು ತಿರುವಿ ಪಕ್ಕದ ಮನೆಗೆ ಹರಟೆಗೆ ಹೋಗಿಬಿಡುತ್ತಿದ್ದಳು. ಉಪ್ಪು ಎಂದೂ ತಳಕ್ಕಿಳಿದು ಕೂತದ್ದಿಲ್ಲ. ನೀರುದೋಸೆಯ ಹಿಟ್ಟನ್ನು ಮಾತ್ರ ಪ್ರತಿ ಸಲವೂ ಕಲಕಿಯೇ ಹುಯ್ಯಬೇಕಾಗಿತ್ತು.

“ಪ್ರಭು, ಈ ಬಟ್ಟಲಲ್ಲಿ ಏನೂ ಕರಗಿಲ್ಲ” ಎಂದುಬಿಟ್ಟ.

ದೊರೆ ಕೆಂಡವಾದ. “ನಾಳೆ ಸಭೆಯಲ್ಲಿ ತೋರಿಸು. ತೋರಿಸದಿದ್ದರೆ ಗಂಟುಮೂಟೆ ಕಟ್ಟು!”

ಮರುದಿನ ಸಭೆಯ ನಡುವೆ ಎರಡು ಗಾಜಿನ ಬಟ್ಟಲುಗಳು ಬಂದವು. ಒಂದರಲ್ಲಿ ಕೇತಯ್ಯ ಕಲಕಿದ ಉಪ್ಪುನೀರು, ಇನ್ನೊಂದರಲ್ಲಿ ವೈದ್ಯನ ಮುತ್ತಿನ ನೀರು. ಕೇತಯ್ಯ ಬಟ್ಟಲುಗಳ ಕಡೆ ತಿರುಗಿಯೂ ನೋಡದೆ ದೊರೆಗೆ ಕೈಮುಗಿದ.

“ಪ್ರಭು, ಇವತ್ತೇ ನಾನು ಊರು ಬಿಡಬೇಕಾದೀತು. ಹೋಗುವ ಮೊದಲು ತಾವು ಬರೆದ ಬೇಟೆಯ ಕಾವ್ಯವನ್ನು ತಮ್ಮ ಬಾಯಿಂದಲೇ ಪೂರ್ತಿ ಕೇಳಬೇಕೆಂದು ಆಸೆ.”

ಹುಟ್ಟಿದಂದಿನಿಂದ ದೊರೆಯನ್ನು ಯಾರೂ ಹೀಗೆ ಕೇಳಿರಲಿಲ್ಲ. ಅವನ ಕಣ್ಣು ಒದ್ದೆಯಾಯಿತು. ಮಂತ್ರಿ ಮಾತ್ರ ಕೇತಯ್ಯನನ್ನು ನುಂಗುವಂತೆ ನೋಡಿದ.

ದೊರೆ ಗಂಟಲು ಸರಿಮಾಡಿಕೊಂಡ. ಟಿಣ್ ಟಿಣ್ ಎಂದಿತು ವೈದ್ಯನ ಚಮಚ.

“ಶ್‌! ಪ್ರಭುಗಳು ಕಾವ್ಯ ಓದುವಾಗ ಇದೇನು ಪಾತ್ರೆ ಸದ್ದು?” ಎಂದ ಕೇತಯ್ಯ.

ದೊರೆ ಹುಬ್ಬು ಗಂಟಿಕ್ಕಿದ. ಚಮಚ ಕೆಳಗಿಳಿಯಿತು.

ಕಾವ್ಯ ಸಾಗಿತು. ಮೊದಲ ಸರ್ಗದಲ್ಲಿ ಕುದುರೆಗೆ ಜೀನು ಹಾಕಿದರು. ಎರಡನೆಯದರಲ್ಲಿ ಜೀನಿನ ವರ್ಣನೆ. ಬೇಟೆಯಾಡಬೇಕಾದ ಹಂದಿಯ ಸುಳಿವೇ ಇಲ್ಲ. ಮಂತ್ರಿಯ ಗಲ್ಲ ಎದೆಗೆ ತಾಗಿತು. ದಳವಾಯಿ ಈಟಿಗೆ ಒರಗಿ ನಿಂತಲ್ಲೇ ಗೊರಕೆ ಹೊಡೆದ. ವೈದ್ಯನೊಬ್ಬನೇ ಬಟ್ಟಲನ್ನು ದಿಟ್ಟಿಸುತ್ತ ಬೆವರುತ್ತಿದ್ದ.

ಅಂತೂ ಹಂದಿ ಸತ್ತಿತು. ಕೇತಯ್ಯ “ಭೇಷ್!” ಎಂದು ಕೂಗಿ ಎಲ್ಲರನ್ನೂ ಎಬ್ಬಿಸಿದ.

“ಈಗ ನೋಡಬೇಕು, ಪ್ರಭು. ಉಪ್ಪುನೀರನ್ನು ಮೇಲಿನಿಂದ ಒಂದು ಚಮಚ ಕುಡಿಯಿರಿ, ತಳದಿಂದ ಒಂದು ಚಮಚ ಕುಡಿಯಿರಿ.”

“ಎರಡೂ ಒಂದೇ ಉಪ್ಪು, ಥೂ!”

“ಅದು ಕರಗಿದ್ದು. ಎಲ್ಲೆಲ್ಲೂ ಸಮನಾಗಿ ಹರಡಿದೆ, ಎಷ್ಟು ಹೊತ್ತಾದರೂ ಕೂರುವುದಿಲ್ಲ. ಇನ್ನು ಈ ಮುತ್ತಿನ ನೀರು?”

ಮೇಲೆ ತಿಳಿನೀರು, ತಳದಲ್ಲಿ ಬೆಳ್ಳನೆಯ ಗಸಿ.

“ಇದು ಕರಗಿದ್ದಲ್ಲ, ಕಲಕಿದ್ದು. ಚಮಚ ಆಡುವವರೆಗೆ ತೇಲಿತು, ನಿಂತೊಡನೆ ಕೂತಿತು.”

ವೈದ್ಯ ಸೋಲಲಿಲ್ಲ. “ಪ್ರಭುಗಳ ಕಾವ್ಯ ಕೇಳಿ ಮುತ್ತು ಭಕ್ತಿಯಿಂದ ತಲೆಬಾಗಿದೆ!”

ದೊರೆಯ ಮೀಸೆಯಡಿ ನಗು ಮೂಡತೊಡಗಿತು. ಕೇತಯ್ಯ ತಡಮಾಡದೆ ಅಡುಗೆಯವನಿಂದ ಕಾದ ಕಾವಲಿ ತರಿಸಿ, ಮೇಲಿನ ನೀರು ಬಸಿದು, ಗಸಿಯನ್ನು ಅದರ ಮೇಲೆ ಹುಯ್ದ. ಚುಂಯ್ ಎಂದಿತು. ಸಭೆಯಲ್ಲೆಲ್ಲ ಘಮಘಮ. ಕಾವಲಿಯಿಂದ ಎದ್ದದ್ದು ಅಚ್ಚುಕಟ್ಟಾದ ಅಕ್ಕಿಹಿಟ್ಟಿನ ದೋಸೆ.

ದೊರೆಯ ಪಕ್ಕದಲ್ಲಿ ಕೂತಿದ್ದ ರಾಣಿ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. “ನಮ್ಮ ತವರಿನ ಮುತ್ತು ಇಷ್ಟು ಗರಿಗರಿ ಅಂತ ನನಗೆ ಗೊತ್ತಿರಲಿಲ್ಲ.”

ಕಾವಲುಗಾರರು ವೈದ್ಯನ ಸೊಂಟದ ಚೀಲ ಕೊಡವಿದರು. ಮುತ್ತುಗಳೆಲ್ಲ ಉರುಳಿ ಬಂದವು. ಊರು ಬಿಟ್ಟವನು ಅವನೇ.

ದೊರೆ ತನ್ನ ಕೈಯ ಕಡಗ ಬಿಚ್ಚಿ ಕೇತಯ್ಯನಿಗೆ ತೊಡಿಸಿದ. ಆಮೇಲೆ ಸುತ್ತ ನೋಡಿ ಮೆಲ್ಲಗೆ ಕೇಳಿದ:

“ನಿಜ ಹೇಳು ಕೇತಯ್ಯ. ನನ್ನ ಕಾವ್ಯವನ್ನು ಕೊನೆಯವರೆಗೂ ಯಾರಾದರೂ ಕೇಳಿದರೋ?”

“ಉಪ್ಪು ಕೇಳಿತು, ಪ್ರಭು.”

“ಉಪ್ಪೇ?”

“ಹೂಂ. ಪಾಪ, ನೀರಲ್ಲಿ ಕರಗಿಹೋಗಿತ್ತು. ಎದ್ದು ಹೋಗಲು ಆಗಲಿಲ್ಲ.”

ದೊರೆ ಎಷ್ಟು ನಕ್ಕನೆಂದರೆ ಇನ್ನೊಂದು ಕೈಯ ಕಡಗವೂ ಕೇತಯ್ಯನ ಪಾಲಾಯಿತು.